ಅದು ವಿದೇಶಿ ಗುಲಾಬಿಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಹುಬ್ಬಳ್ಳಿ-ಧಾರವಾಡ ಪುಟದಲ್ಲಿ ಫಲಪುಷ್ಪ ಪ್ರದರ್ಶನದ ಚಿತ್ರವೊಂದು ಬಂದಿತ್ತು. ಒಂದು ಕುಂಡ, ಅದರ ಸುತ್ತ ಮೊಬೈಲ್ ಹಿಡಿದ ಏಳೆಂಟು ಕೈಗಳು, ಕೆಳಗೆ ‘ನೋಡುಗರ ಮನಸೆಳೆದ ವಿದೇಶಿ ಗುಲಾಬಿ’ ಎಂಬ ಅಡಿಬರಹ. ಆ ಗಿಡದಲ್ಲಿ ಒಂದು ಮುಳ್ಳೂ ಇಲ್ಲ. ಗುಲಾಬಿಯ ಎಲೆ ಎಂದರೆ ಒಂದೇ ಕಡ್ಡಿಗೆ ಐದೋ ಏಳೋ ಚಿಕ್ಕ ಎಲೆಗಳು. ಚಿತ್ರದಲ್ಲಿರುವುದು ಬಿಡಿ ಬಿಡಿ ಎಲೆ. ದಪ್ಪ, ಎಣ್ಣೆ ಸವರಿದಂಥ ಹೊಳಪು, ಅಂಚಿಗೆ ಸಣ್ಣ ಗರಗಸದ ಹಲ್ಲು. ಅದು ಕಮೇಲಿಯಾ. ಗುಲಾಬಿಗೆ ಅದು ದೂರದ ನೆಂಟನೂ ಅಲ್ಲ. ಅದರ ಒಡಹುಟ್ಟು ಯಾವುದೆಂದು ನೋಡಬೇಕಿದ್ದರೆ ನಿಮ್ಮ ಮೇಜಿನ ಮೇಲಿನ ಕಪ್ಪಿನಲ್ಲಿ ನೋಡಿ. ಚಹಾ ಗಿಡದ ಶಾಸ್ತ್ರೀಯ ಹೆಸರೇ ಕಮೇಲಿಯಾ ಸೈನೆನ್ಸಿಸ್.

ತಪ್ಪು ತೋರಿಸುವುದಷ್ಟೇ ನನ್ನ ಉದ್ದೇಶವಾಗಿದ್ದರೆ ಒಂದು ಅಂಚೆ ಕಾರ್ಡು ಸಾಕಿತ್ತು. ಪತ್ರ ಉದ್ದವಾಗುತ್ತದೆ, ಬೇಕಾದಲ್ಲಿ ಕತ್ತರಿಸಿಕೊಳ್ಳಿ. ಹೂಗಳ ಹೆಸರನ್ನು ಮಾತ್ರ ಕತ್ತರಿಸಬೇಡಿ.

ನಾನು ಬೋರ್ಡು ಬರೆಯುವವನು. 1974ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ದುರ್ಗದಬೈಲಿನ ಒಬ್ಬ ಪೇಂಟರ್ ಬಳಿ ಡಬ್ಬಿ ತೊಳೆಯಲು ಸೇರಿಕೊಂಡೆ. ಮುಂದೆ ಅಂಗಡಿ, ಲಾರಿ, ಶಾಲೆ, ಮದುವೆ ಮಂಟಪ ಎಲ್ಲಕ್ಕೂ ಬರೆದೆ. ಫ್ಲೆಕ್ಸ್ ಬಂದ ಮೇಲೆ ನಮ್ಮ ಕೆಲಸ ಹೋಯಿತು. ಆ ಕಥೆ ಇಲ್ಲಿ ಬೇಡ. ನಾನು ಅತಿ ಹೆಚ್ಚು ಬರೆದದ್ದು ಬೀಜದ ಅಂಗಡಿಗಳ ಗೋಡೆ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಿಂದ ಹೊರಬಿದ್ದ ‘ವರಲಕ್ಷ್ಮಿ’ ಹತ್ತಿ, ಅದರ ಹಿಂದೆ ಬಂದ ‘ಜಯಲಕ್ಷ್ಮಿ’, ಅದಕ್ಕೂ ಹಳೆಯ ‘ಜಯಧರ’. ಈ ಮೂರು ಹೆಸರುಗಳನ್ನು ಈಗಲೂ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಬರಿ ‘ಹತ್ತಿ ಬೀಜ’ ಎಂದು ಬರೆದರೆ ಒಬ್ಬ ರೈತನೂ ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಬ್ಯಾಡಗಿ ಪೇಟೆಗೆ ಹೋಗಿ ‘ಕೆಂಪು ಮೆಣಸಿನಕಾಯಿ ಕೊಡಿ’ ಎಂದು ಕೇಳಿ ನೋಡಿ. ಕಡ್ಡಿಯೋ ಡಬ್ಬಿಯೋ ಎಂದು ಮರುಪ್ರಶ್ನೆ ಬರುತ್ತದೆ. ನೀಳವಾಗಿ ಸುಕ್ಕುಗಟ್ಟಿದ್ದು ಕಡ್ಡಿ, ದುಂಡಗೆ ಉಬ್ಬಿ ಬೀಜ ಹೆಚ್ಚಿರುವುದು ಡಬ್ಬಿ. ಹೊಟ್ಟೆಗೆ ಹೋಗುವುದಕ್ಕೆ, ಮಾರಿ ದುಡ್ಡು ಬರುವುದಕ್ಕೆ ನಮ್ಮ ಜನ ಹೆಸರು ಕೇಳಿಯೇ ಕೈ ಹಾಕುತ್ತಾರೆ. ಹೂವಿನ ಮುಂದೆ ನಿಂತಾಗ ಮಾತ್ರ ‘ಕೆಂಪು’, ‘ಬಿಳಿ’, ‘ವಿದೇಶಿ’ ಎಂಬ ಮೂರೇ ಪದ ಸಾಕಾಗುತ್ತವೆ.

ಇದನ್ನು ಹೇಳುವ ಯೋಗ್ಯತೆ ನನಗೂ ಇಲ್ಲ. ಯಾಕೆಂದರೆ ಇಂಥದ್ದೇ ಒಂದು ಪಾಪ ನನ್ನ ಕೈಯಿಂದ ಆಗಿದೆ.

1987ರಲ್ಲಿ ಧಾರವಾಡದ ಒಂದು ಹಳೆಯ ಬಂಗಲೆಯಲ್ಲಿ ಕುಂಡಗಳಿಗೆ ಹೆಸರಿನ ತಗಡು ಬರೆಯುವ ಕೆಲಸ ಸಿಕ್ಕಿತು. ತಗಡಿಗೆ ಎರಡು ರೂಪಾಯಿ, ಒಟ್ಟು ನಲವತ್ತು ಕುಂಡ. ಪಡಸಾಲೆಯ ಉತ್ತರದ ಮೂಲೆಯಲ್ಲಿ, ಬಿಸಿಲು ತಾಗದ ಕಡೆ, ಎದೆಯೆತ್ತರದ ಒಂದು ಗಿಡ. ಅದಕ್ಕೆ ಮಳೆನೀರನ್ನಷ್ಟೇ ಹಾಕಬೇಕೆಂದು ಆಳಿಗೆ ಕಟ್ಟಪ್ಪಣೆ. ಕೊಂಬೆಗೆ ತಂತಿಯಿಂದ ಕಟ್ಟಿದ ಸೀಸದ ಪಟ್ಟಿ. ಅದರ ಮೇಲೆ ಮೊಳೆ ಹೊಡೆದು ಮೂಡಿಸಿದ ಇಂಗ್ಲಿಷ್ ಅಕ್ಷರಗಳು. ಓದಲು ಅಷ್ಟೇನೂ ಬಾರದ ನಾನು ಕೊನೆಯ ಭಾಗವನ್ನು ಕೂಡಿಸಿ ಕೂಡಿಸಿ ‘ಫ್ಲೋರಾ’ ಎಂದು ಓದಿದೆ. ಹಿಂದೆ ಆ ಬಂಗಲೆಯಲ್ಲಿದ್ದ ಯಾರೋ ಮೇಮ್‌ಸಾಹೇಬರ ಹೆಸರು ಇರಬೇಕು ಎಂದುಕೊಂಡೆ. ಯಜಮಾನರು, ‘ಎಲ್ಲ ಒಂದೇ ಅಳತೆಯಲ್ಲಿ, ಕನ್ನಡದಲ್ಲಿ ಇರಲಿ’ ಎಂದಿದ್ದರು. ಸೀಸದ ಪಟ್ಟಿ ಬಿಚ್ಚಿ, ‘ಕೆಂಪು ಹೂ – 12’ ಎಂದು ಬರೆದು ನೆಟ್ಟೆ. ಅಕ್ಷರ ಮುತ್ತಿನಂತೆ ಬಂದಿದ್ದವು, ಯಜಮಾನರು ಮೆಚ್ಚಿ ಐದು ರೂಪಾಯಿ ಹೆಚ್ಚಿಗೆ ಕೊಟ್ಟರು. ಬಿಚ್ಚಿದ ಪಟ್ಟಿಗಳನ್ನೆಲ್ಲ ಮನೆಗೆ ತಂದು ಕರಗಿಸಿ ಒಂದು ಗುಂಡು ಮಾಡಿಕೊಂಡೆ. ಗೋಡೆಯ ಮೇಲೆ ನೆಟ್ಟಗೆ ಗೆರೆ ಹಾಕಲು ದಾರಕ್ಕೆ ತೂಕ ಬೇಕಾಗುತ್ತದೆ. ಆ ಗುಂಡು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ.

ಹೂವಿನ ನೆನಪು ಮಾತ್ರ ಸ್ಪಷ್ಟವಾಗಿದೆ. ಹೊರಗೆ ಒಂದು ಸುತ್ತು ಅಗಲವಾದ ಕಡುಗೆಂಪು ಪಕಳೆಗಳು, ತಟ್ಟೆಯಂತೆ ಚಪ್ಪಟೆ. ನಡುವೆ ಕೇಸರ ಇರಬೇಕಾದಲ್ಲಿ ಟೋಪಿಯ ಗೊಂಡೆಯಂತೆ ಒತ್ತಾಗಿ ಎದ್ದ ಚಿಕ್ಕ ಚಿಕ್ಕ ಪಕಳೆಗಳು. ನಾನು ಬರೆಯುತ್ತ ಕುಳಿತಿದ್ದಾಗ ಒಂದು ಹೂ ಟಪ್ ಎಂದು ಬಿತ್ತು. ಪಕಳೆ ಪಕಳೆಯಾಗಿ ಉದುರಲಿಲ್ಲ. ಪಾರಿಜಾತದಂತೆ ಇಡೀ ಹೂವೇ, ಮುಖ ಮೇಲೆ ಮಾಡಿಕೊಂಡು.

ಇಪ್ಪತ್ತು ವರ್ಷ ಅದನ್ನು ಮರೆತಿದ್ದೆ. ಮಗಳನ್ನು ಕೂನೂರಿನಲ್ಲಿ ಕೆಲಸದಲ್ಲಿದ್ದ ಹುಡುಗನಿಗೆ ಕೊಟ್ಟೆವು. ಬಾಣಂತನಕ್ಕೆಂದು ಹೆಂಡತಿಯ ಜೊತೆ ಹೋದವನು ಅಲ್ಲಿ ಮಾಡಲು ಕೆಲಸವಿಲ್ಲದೆ ನರ್ಸರಿಗಳನ್ನು ಸುತ್ತಿದೆ. ಒಂದು ಕಡೆ ಅದೇ ಎಲೆ, ಅದೇ ಹೊಳಪು. ಅಳಿಯಂದಿರು ಹೆಸರು ಹೇಳಿದರು. ಆಮೇಲೆ ಅವರ ಕಪಾಟಿನಲ್ಲಿದ್ದ ತೋಟಗಾರಿಕೆಯ ಪುಸ್ತಕಗಳನ್ನು ಅವರಿಂದಲೇ ಓದಿಸಿ ಕೇಳಿದೆ. ಅಂದಿನಿಂದ ಶುರುವಾದ ಹುಚ್ಚು ಇನ್ನೂ ಬಿಟ್ಟಿಲ್ಲ.

ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಒಂದು ಹಡಗಿನ ಹೆಸರು. ಚೀನಾದಲ್ಲಿ ನೂರಾರು ವರ್ಷ ಬೆಳೆಸಿ ಆರಿಸಿದ ತಳಿಗಳಲ್ಲಿ ಎರಡನ್ನು ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು 1792ರಲ್ಲಿ ಇಂಗ್ಲೆಂಡಿಗೆ ಒಯ್ದಿತು. ಹಡಗಿನ ಕಪ್ತಾನ ಕಾನರ್. ಹಡಗಿನ ಮೈಮೇಲೆ ಬರೆದಿದ್ದ ಹೆಸರು ‘ಕರ್ನಾಟಿಕ್’! ಆಗಿನ ಇಂಗ್ಲಿಷರ ಬಾಯಲ್ಲಿ ಅದು ಆರ್ಕಾಟಿನ ಸೀಮೆಯ ಹೆಸರೇ ಹೊರತು ನಮ್ಮ ನಾಡಿನದಲ್ಲ ಎಂದು ಅಳಿಯಂದಿರು ತಿದ್ದಿದರು. ಇರಲಿ, ಬೋರ್ಡು ಬರೆಯುವವನಿಗೆ ಅಕ್ಷರ ಮುಖ್ಯ. ನಮ್ಮ ಧಾರವಾಡದ ಕೋಟೆ ಟಿಪ್ಪುವಿನ ಕೈಯಿಂದ ಮರಾಠರ ಕೈಗೆ ಹೋದದ್ದು 1791ರಲ್ಲಿ. ಅದರ ಮರುವರ್ಷ ಲಂಡನ್ ಬಂದರಿನಲ್ಲಿ ಆ ಎರಡು ಗಿಡಗಳು ಇಳಿದವು ಎಂದು ಲೆಕ್ಕ ಇಟ್ಟುಕೊಂಡರೆ ಕಾಲ ಕಣ್ಣಿಗೆ ಕಟ್ಟುತ್ತದೆ.

ಆ ಎರಡರಲ್ಲಿ ಒಂದು ‘ಆಲ್ಬಾ ಪ್ಲೀನಾ’, ಎಂದರೆ ತುಂಬಿದ ಬಿಳಿ. ಕೇಸರದ ಸುಳಿವೇ ಇಲ್ಲ; ಪಕಳೆಯ ಮೇಲೆ ಪಕಳೆ, ಹೆಂಚು ಹೊದಿಸಿದಂತೆ, ಹೊರಗಿನಿಂದ ಒಳಗೆ ಸಣ್ಣದಾಗುತ್ತ ನಡುಬಿಂದುವಿನಲ್ಲಿ ಮುಚ್ಚಿಕೊಳ್ಳುತ್ತವೆ. ಕೈವಾರ ಹಿಡಿದು ಗೆರೆ ಹಾಕಿದರೂ ಇಷ್ಟು ಅಚ್ಚುಕಟ್ಟು ಬರುವುದಿಲ್ಲ. ಆದರೆ ಬೆರಳು ತಾಗಿದರೆ ಸಾಕು, ಕಂದುಗಲೆ. ಮಳೆಹನಿಗೂ ಅಷ್ಟೇ. ಇನ್ನೊಂದು ‘ವೇರಿಗೇಟಾ’, ಕೆಂಪಿನ ಮೇಲೆ ಬಿಳಿ ಮಚ್ಚೆ. 1806ರಲ್ಲಿ ಇನ್ನೆರಡು ಹೋದವು. ಒಂದು ‘ಇನ್ಕಾರ್ನಾಟಾ’, ಬಿಳಿಯಲ್ಲಿ ನಾಚಿಕೆಯಷ್ಟು ಮಾತ್ರ ಕೆಂಪು ಬೆರೆಸಿದ ಬಣ್ಣ. ಪಕಳೆಗಳು ಆರು ಮೂಲೆಯ ನಕ್ಷತ್ರದ ರಂಗೋಲಿಯಂತೆ ಕೂರುತ್ತವೆ. ಅದನ್ನು ತರಿಸಿಕೊಂಡ ಅಮೇಲಿಯಾ ಹ್ಯೂಮ್ ಎಂಬಾಕೆಯ ಹೆಸರಿನಲ್ಲಿ ‘ಲೇಡಿ ಹ್ಯೂಮ್ಸ್ ಬ್ಲಶ್’ ಎಂದೂ ಕರೆಯುತ್ತಾರೆ.

ಅದೇ 1806ರ ಇನ್ನೊಂದು ಹೂವಿನ ವರ್ಣನೆಯನ್ನು ಅಳಿಯಂದಿರು ಓದಿ ಹೇಳುತ್ತಿದ್ದಾಗ ನಾನು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟೆ. ಹೊರಗೆ ಚಪ್ಪಟೆಯಾದ ಕಡುಗೆಂಪು ಪಕಳೆಗಳು, ನಡುವೆ ಪಕಳೆಯಾಗಿ ಮಾರ್ಪಟ್ಟ ಕೇಸರಗಳ ಗೊಂಡೆ. ಹೆಸರು ‘ಅನೆಮೋನಿಫ್ಲೋರಾ’.

ಬಂಗಲೆಯ ಗಿಡ ಅದೇ ಎಂದು ನಾನು ಪ್ರಮಾಣ ಮಾಡುವುದಿಲ್ಲ. ‘ಫ್ಲೋರಾ’ದಿಂದ ಮುಗಿಯುವ ಹೆಸರುಗಳು ಬೇರೆಯೂ ಇವೆ, ಗೊಂಡೆಯ ಹೂಗಳೂ ಬೇರೆ ಇವೆ. ಸೀಸದ ಪಟ್ಟಿ ಇದ್ದಿದ್ದರೆ ಒಂದು ಕ್ಷಣದಲ್ಲಿ ತೀರ್ಮಾನವಾಗುತ್ತಿತ್ತು. ಕೂನೂರಿನಿಂದ ಬಂದವನೇ ಆ ಬಂಗಲೆಯ ಜಾಗಕ್ಕೆ ಹೋದೆ. ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತ್ತು.

ಒಂದು ಹೆಸರಿಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎನ್ನುವವರಿಗೆ ಒಂದು ಮಾತು. ಇಂಥ ತಳಿಗಳು ಬೀಜದಿಂದ ಹಾಗೆಯೇ ಮರಳಿ ಬರುವುದಿಲ್ಲ. ‘ಆಲ್ಬಾ ಪ್ಲೀನಾ’ದಂಥ ತುಂಬು ಹೂವಿನಲ್ಲಿ ಕೇಸರವೆಲ್ಲ ಪಕಳೆಯಾಗಿ ಹೋಗಿರುತ್ತದೆ, ಬೀಜ ಎಲ್ಲಿಂದ ಬರಬೇಕು? ಕಡ್ಡಿ ನೆಟ್ಟು, ಕಸಿ ಕಟ್ಟಿ, ಕೊಂಬೆಗೆ ಗೂಟಿ ಕಟ್ಟಿಯೇ ಮುಂದುವರಿಸಬೇಕು. ಎಂದರೆ ಇಂದು ಜಗತ್ತಿನಲ್ಲಿ ಎಲ್ಲೆಲ್ಲಿ ‘ಆಲ್ಬಾ ಪ್ಲೀನಾ’ ಇದೆಯೋ ಅದೆಲ್ಲ ಚೀನಾದ ಯಾವುದೋ ತೋಟದ ಒಂದೇ ಗಿಡದ ತುಂಡು, ಕೈಯಿಂದ ಕೈಗೆ ದಾಟಿ ಬಂದದ್ದು. ಆ ದಾಟುವಿಕೆಯಲ್ಲಿ ಕಡ್ಡಿಯ ಜೊತೆ ಹೆಸರೂ ದಾಟಬೇಕು. ಒಂದು ಕೈ ತಪ್ಪಿದರೆ ಗಿಡ ಬದುಕಿಯೂ ಅನಾಥ. ನಾನೇ ಆ ಕೈ.

ಈ ಗಿಡಗಳ ಇನ್ನೊಂದು ಚೇಷ್ಟೆ ಕೇಳಿ. ಒಮ್ಮೊಮ್ಮೆ ಒಂದೇ ಒಂದು ಕೊಂಬೆ ಮನಸ್ಸು ಬದಲಿಸಿ ಬೇರೆ ಹೂ ಬಿಡುತ್ತದೆ. ‘ಆಲ್ಬಾ ಪ್ಲೀನಾ’ದ ಅಂಥ ಒಂದು ಕೊಂಬೆಯಿಂದ ಬಂದದ್ದೆಂದು ತಿಳಿದವರು ಹೇಳುವ ‘ಫಿಂಬ್ರಿಯಾಟಾ’ದಲ್ಲಿ ಅದೇ ಬಿಳಿ, ಅದೇ ಜೋಡಣೆ, ಆದರೆ ಪ್ರತಿ ಪಕಳೆಯ ಅಂಚು ಕತ್ತರಿಯಿಂದ ಕಚ್ಚು ಕಚ್ಚು ಮಾಡಿದಂತೆ. ‘ಅನೆಮೋನಿಫ್ಲೋರಾ’ದ ಬೀಜದಿಂದ ಇಂಗ್ಲೆಂಡಿನ ಚಾಂಡ್ಲರ್ ಎಂಬ ನರ್ಸರಿಯವನು ಎಬ್ಬಿಸಿದ ‘ಎಲಿಗನ್ಸ್’ ಇನ್ನೂ ದೊಡ್ಡ ಚೇಷ್ಟೆಯದು. ಅಗಲವಾದ ಗುಲಾಬಿ ಬಣ್ಣದ ಹೂ, ನಡುವಿನ ಗೊಂಡೆಯಲ್ಲಿ ಅಲ್ಲಲ್ಲಿ ಬಿಳಿ. ಅದರ ಕೊಂಬೆಗಳು ಹೀಗೆ ಮನಸ್ಸು ಬದಲಿಸಿ ಬದಲಿಸಿ ಹುಟ್ಟಿದ ತಳಿಗಳದ್ದೇ ಒಂದು ವಂಶವಾಗಿದೆ. ಕೆಂಪಿನ ಮೇಲೆ ಮೋಡದಂತೆ ಹರಡುವ ಬಿಳಿ ಮಚ್ಚೆಗೆ ಎಷ್ಟೋ ಸಲ ಕಾರಣ ಒಂದು ವೈರಸ್ಸು. ರೋಗವನ್ನೇ ಅಲಂಕಾರ ಎಂದು ಮುಡಿದುಕೊಳ್ಳುವುದರಲ್ಲಿ ಮನುಷ್ಯರನ್ನು ಮೀರಿಸಿದವರಿಲ್ಲ.

ಹೂವಿನ ಆಕಾರವನ್ನು ಕಮೇಲಿಯಾ ಬೆಳೆಸುವವರು ಆರು ಬಗೆಯಾಗಿ ವಿಂಗಡಿಸುತ್ತಾರೆ. ನಮ್ಮವರಿಗೆ ದಾಸವಾಳದ ಲೆಕ್ಕ ಗೊತ್ತಿದ್ದರೆ ಸಾಕು. ಒಂಟಿ ಸುತ್ತಿನದು, ನಡುವೆ ಹಳದಿ ಕೇಸರದ ಕುಚ್ಚು ಕಾಣುವಂಥದ್ದು. ಎರಡು ಮೂರು ಸುತ್ತಿದ್ದೂ ಕೇಸರ ಕಾಣುವುದು. ಗೊಂಡೆಯದು. ಅಂಕೆಯಿಲ್ಲದೆ ಮುದ್ದೆಯಾಗಿ ಉಬ್ಬುವುದು. ಮೊದಲು ಮುಚ್ಚಿಕೊಂಡಿದ್ದು ಪೂರ್ತಿ ಅರಳಿದ ಮೇಲೆ ಕೇಸರ ತೋರಿಸುವುದು. ಕೊನೆಗೆ ಎಂದೂ ತೋರಿಸದ ‘ಆಲ್ಬಾ ಪ್ಲೀನಾ’ದಂಥದ್ದು. ಎಲ್ಲರೂ ಕೊನೆಯದಕ್ಕೇ ಮರುಳಾಗುತ್ತಾರೆ. ನನಗೇನೋ ಒಂಟಿ ಸುತ್ತಿನದೇ ಇಷ್ಟ. ಜಪಾನಿನ ಕುಮಾಮೊಟೊದ ಹಿಗೋ ಎಂಬ ಬಗೆಯಲ್ಲಿ ಐದರಿಂದ ಒಂಬತ್ತು ಪಕಳೆ, ನಡುವೆ ನೂರಕ್ಕೂ ಮೀರಿದ ಕೇಸರಗಳು ಸೂರ್ಯನ ಕಿರಣದಂತೆ ಹರಡಿಕೊಂಡಿರುತ್ತವೆ. ಜರ್ಮನಿಯ ಡ್ರೆಸ್ಡನ್ ಬಳಿ ಪಿಲ್ನಿಟ್ಸ್ ಅರಮನೆಯ ತೋಟದಲ್ಲಿ 1801ರ ಸುಮಾರಿಗೆ ನೆಟ್ಟ ಮರದ ಹೂವೂ ಒಂಟಿ ಸುತ್ತಿನ ಕೆಂಪೇ. 1905ರ ಚಳಿಗಾಲದಲ್ಲಿ ಅದಕ್ಕೆ ಕಟ್ಟಿದ್ದ ಮರದ ಗೂಡಿಗೆ ಬೆಂಕಿ ಬಿತ್ತು. ಆರಿಸಲು ಎರಚಿದ ನೀರು ಮರದ ಮೇಲೆಯೇ ಮಂಜುಗಡ್ಡೆಯಾಗಿ, ಆ ಮಂಜುಗಡ್ಡೆಯೇ ಹೊದಿಕೆಯಾಗಿ ಮರ ಉಳಿಯಿತಂತೆ. 1992ರಿಂದ ಅದಕ್ಕೆ 54 ಟನ್ ತೂಕದ ಗಾಜಿನ ಮನೆ ಇದೆ. ಅದು ಹಳಿಯ ಮೇಲೆ ನಿಂತಿದೆ! ಚಳಿಗಾಲ ಮುಗಿದ ಮೇಲೆ ಮನೆಯನ್ನು ಪಕ್ಕಕ್ಕೆ ತಳ್ಳುತ್ತಾರೆ, ಚಳಿ ಬಂದಾಗ ಮರದ ಮೇಲೆ ತಂದು ನಿಲ್ಲಿಸುತ್ತಾರೆ. ರೈಲ್ವೆ ವರ್ಕ್‌ಶಾಪಿನ ಊರಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಕಸುಬಿನ ವಿಷಯ. ತಳಿಯ ಹೆಸರು ಬರೆಯಲು ಅಂತರರಾಷ್ಟ್ರೀಯ ನಿಯಮವಿದೆ. ಮೊದಲು ಪ್ರಕಟವಾದದ್ದು 1953ರಲ್ಲಿ. ಹೆಸರಿನ ಎರಡೂ ಬದಿಗೆ ಒಂಟಿ ಉದ್ಧರಣ ಚಿಹ್ನೆ ಬರಬೇಕು, ಈ ಪತ್ರದಲ್ಲಿ ನಾನು ಹಾಕಿದಂತೆ. 1959ರ ಜನವರಿ 1ರಿಂದ ಈಚೆಗೆ ಹೊಸ ತಳಿಗೆ ಲ್ಯಾಟಿನ್ ಹೆಸರು ಇಡುವಂತಿಲ್ಲ. ಹಾಗಾಗಿ ‘ಆಲ್ಬಾ ಪ್ಲೀನಾ’, ‘ಇನ್ಕಾರ್ನಾಟಾ’ ಎಂಬ ಲ್ಯಾಟಿನ್ ಹೆಸರು ಕಂಡರೆ ಅದು ಹಳೆಯ ಕಾಲದ ತಳಿ ಎಂದು ಬೋರ್ಡು ನೋಡಿಯೇ ಹೇಳಬಹುದು. ಕಪ್ತಾನ ರಾವ್ಸ್ ಎಂಬುವನು 1820ರಲ್ಲಿ ಒಯ್ದ ಬೇರೆ ಜಾತಿಯ ಕಮೇಲಿಯಾ, ಎಲೆಯ ಮೇಲೆ ಬಲೆಯಂತೆ ನರ ಎದ್ದಿರುವುದು, ಅಂಗೈಯಗಲದ ಅಲೆಅಲೆ ಪಕಳೆಯದು, ಅವನ ಹೆಸರಿನಲ್ಲೇ ‘ಕ್ಯಾಪ್ಟನ್ ರಾವ್ಸ್’ ಆಗಿದೆ. ಒಂದೇ ಹೂವಿಗೆ ಊರಿಗೊಂದು ಹೆಸರು ಬೀಳುವುದೂ ಉಂಟು. ಜಪಾನಿನ ‘ಓಟೋಮೆ’, ತಿಳಿಗುಲಾಬಿ ಬಣ್ಣದ ಅಚ್ಚುಕಟ್ಟಾದ ತುಂಬು ಹೂ, ಜರ್ಮನಿಯಲ್ಲಿ ‘ಫ್ರೌ ಮಿನ್ನಾ ಸೈಡೆಲ್’, ಅಮೆರಿಕದಲ್ಲಿ ‘ಪಿಂಕ್ ಪರ್ಫೆಕ್ಷನ್’. ಮೂರು ಹೆಸರಿದ್ದರೂ ಹುಡುಕಿಕೊಂಡು ಹೋಗಬಹುದು. ‘ವಿದೇಶಿ ಗುಲಾಬಿ’ ಹಿಡಿದುಕೊಂಡು ಎಲ್ಲಿಗೂ ಹೋಗಲಾಗುವುದಿಲ್ಲ.

ನಿಮ್ಮ ಚಿತ್ರ ನೋಡಿದ ಮರುದಿನವೇ ಪ್ರದರ್ಶನಕ್ಕೆ ಹೋದೆ. ಬಿಳಿಗೆ ಹತ್ತಿರದ ತಿಳಿಗುಲಾಬಿ ನೆಲ, ಅದರ ಮೇಲೆ ಉದ್ದುದ್ದ ಕೆಂಪು ಗೀರುಗಳು, ಬ್ರಷ್ಷಿನಲ್ಲಿ ಬಣ್ಣ ಮುಗಿಯುತ್ತ ಬಂದಾಗ ಎಳೆದ ಗೆರೆಯ ಹಾಗೆ. ಕೇಸರ ಕಾಣಲಿಲ್ಲ. ಇಟಲಿಯ ಹಳೆಯ ತಳಿ ‘ಕಂಟೆಸ್ಸಾ ಲವೀನಿಯಾ ಮಗ್ಗಿ’ ಇಂಥದ್ದೇ. ಆದರೆ ಗೀರಿನ ಹೂ ಅದೊಂದೇ ಅಲ್ಲ, ಹಾಗಾಗಿ ಅದೇ ಎಂದು ಬರೆದುಕೊಡಲು ನನ್ನ ಕೈ ಏಳುವುದಿಲ್ಲ. ಅಲ್ಲಿದ್ದ ಹುಡುಗನನ್ನು ಕೇಳಿದೆ. ‘ಅಜ್ಜಾ, ಊಟಿ ಕಡೆಯಿಂದ ಬಂದದ್ದು, ಅಷ್ಟೇ ಗೊತ್ತು’ ಎಂದ. ಪಾಪ, ಅವನದೇನು ತಪ್ಪು? ಕುಂಡದ ಮುಂದಿನ ಬೋರ್ಡಿನಲ್ಲೇ ‘ವಿದೇಶಿ ಹೂ’ ಎಂದಿತ್ತು. ಅದೂ ಫ್ಲೆಕ್ಸಿನಲ್ಲಿ, ಒತ್ತಕ್ಷರ ತಪ್ಪಾಗಿ.

ನೋಡಿ ಮರುಳಾಗಿ ತರಲು ಹೊರಟವರಿಗೆ ಒಂದು ಎಚ್ಚರಿಕೆ. ಇದು ಹುಳಿಮಣ್ಣಿನ, ತಂಪಿನ ಗಿಡ. ನಮ್ಮ ಹುಬ್ಬಳ್ಳಿಯ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಬೋರ್‌ವೆಲ್ ನೀರಿನಲ್ಲೂ ಅಷ್ಟೇ. ಕೂನೂರಿನಿಂದ ನಾನು ತಂದ ಮೊದಲ ಗಿಡದ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾದವು, ಏಪ್ರಿಲ್ ದಾಟಲಿಲ್ಲ. ಎರಡನೆಯದಕ್ಕೆ ಕಲಘಟಗಿ ಕಡೆಯ ಕೆಂಪು ಮಣ್ಣು, ಎಲೆಗೊಬ್ಬರ, ಡ್ರಮ್ಮಿನಲ್ಲಿ ಹಿಡಿದ ಮಳೆನೀರು, ಬೆಳಗಿನ ಒಂದು ಗಂಟೆಯ ಬಿಸಿಲು ಮಾತ್ರ. ಮೊಗ್ಗು ಹದಿನಾಲ್ಕು ಬಂದವು. ಹನ್ನೆರಡು ಉದುರಿದವು. ಎರಡು ಅರಳಿದ ಆ ಜನವರಿಯಲ್ಲಿ ನಮ್ಮ ಓಣಿಯವರೆಲ್ಲ ಬಂದು ನೋಡಿ, ವಾಸನೆ ಇಲ್ಲವಲ್ಲ ಎಂದು ಹೋದರು. ಅದು ನಿಜ. ಹಳೆಯ ತಳಿಗಳಲ್ಲಿ ಬಹುಪಾಲಿಗೆ ವಾಸನೆ ಇಲ್ಲ. ಮಲ್ಲಿಗೆಯ ನಾಡಿನಲ್ಲಿ ಅದಕ್ಕೆ ಕ್ಷಮೆ ಸಿಗುವುದು ಕಷ್ಟ.

ಪ್ರದರ್ಶನ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು: ಕಮೇಲಿಯಾ ಇರಲಿ, ದಾಸವಾಳ ಇರಲಿ, ಗುಲಾಬಿಯೇ ಇರಲಿ, ಗಿಡ ತರಿಸುವಾಗ ತಳಿಯ ಹೆಸರನ್ನೂ ಬಿಲ್ಲಿನ ಮೇಲೆ ಬರೆಸಿಕೊಂಡು ಬನ್ನಿ. ಮುಂದಿನ ವರ್ಷದ ತಗಡುಗಳನ್ನು ನಾನು ಬರೆದುಕೊಡುತ್ತೇನೆ, ಕೂಲಿ ಬೇಡ. ಬಣ್ಣದ ಖರ್ಚೂ ನನ್ನದೇ. ಕೈ ಸ್ವಲ್ಪ ನಡುಗುತ್ತದೆ, ಆದರೆ ಚಿಕ್ಕ ಅಕ್ಷರಕ್ಕೆ ಮಣಿಕಟ್ಟಿನ ಕೆಳಗೆ ಕೋಲು ಕೊಟ್ಟುಕೊಂಡರೆ ಇನ್ನೂ ನೆಟ್ಟಗೆ ಬರುತ್ತದೆ.

ಇನ್ನೊಂದು ವಿನಂತಿ, ಇದು ಅವಸರದ್ದು. ಕೊನೆಯ ದಿನ ಗಿಡಗಳನ್ನೆಲ್ಲ ಮಾರಿದರೆಂದು ಕೇಳಿದೆ. ಆ ಕಮೇಲಿಯಾ ಯಾರ ಮನೆಗೆ ಹೋಗಿದೆಯೋ ಅವರು ಈ ಪತ್ರ ಓದುತ್ತಿದ್ದರೆ, ದಯವಿಟ್ಟು ಕುಂಡ ಬದಲಿಸುವ ಮೊದಲು ಬುಡವನ್ನು ನೋಡಿ. ಕಾಂಡದ ಪಕ್ಕದಲ್ಲಿ, ತೆಂಗಿನ ನಾರಿನ ಪುಡಿಯೊಳಗೆ, ಬಿಳಿ ಪ್ಲಾಸ್ಟಿಕ್ ಪಟ್ಟಿಯ ತುದಿಯೊಂದು ನನಗೆ ಕಂಡಿತ್ತು. ಎಳೆದು ನೋಡಲು ಹೋದಾಗ ಕಾವಲಿನವರು ‘ಗಿಡ ಮುಟ್ಟಬಾರದು’ ಎಂದು ಕೈ ಹಿಡಿದರು. ನರ್ಸರಿಯವರು ಅಂಥ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಬರೆಯುತ್ತಾರೆ, ಅದು ಬಿಸಿಲಿಗೂ ನೀರಿಗೂ ಬೇಗ ಹೋಗುವುದಿಲ್ಲ. ಮಣ್ಣು ಒರೆಸಿ ಅದರ ಮೇಲಿರುವುದನ್ನು ಪತ್ರಿಕೆಯ ಕಚೇರಿಗೆ ತಿಳಿಸಿ. ಓದಲು ಬಾರದಿದ್ದರೂ ಪಟ್ಟಿಯನ್ನು ಎಸೆಯಬೇಡಿ.

ಇಂತಿ,
ಒಬ್ಬ ಬೋರ್ಡು ಪೇಂಟರ್,
ಹಳೇ ಹುಬ್ಬಳ್ಳಿ